ಇಂಜಿನ್ ಜೋಡಿಸುವಾಗ ಪ್ಯಾಕಿಂಗಿಗೆ ಏನು ಹಚ್ತಾರೆ, ಕೇಳಿದ್ದೀರಾ?

ಅರೇಬಿಕಾ ಕೊಯ್ಲು ಮುಗೀತು, ರೋಬಸ್ಟಾ ನಡೀತಾ ಇದೆ. ಅದು ಮುಗಿಯೋದೇ ತಡ, ಹೂವಿಗೆ ನೀರು ಹೊಡೆಯೋ ಕೆಲಸ. ಈಗ ಮೂಡಿಗೆರೆ, ಕಳಸ, ಬಾಳೆಹೊನ್ನೂರು ಕಡೆ ಯಾವ ಗ್ಯಾರೇಜಿಗೆ ಹೋದ್ರೂ ಸ್ಪ್ರಿಂಕ್ಲರ್ ಇಂಜಿನ್‌ಗಳನ್ನೇ ಬಿಚ್ಚಿ ಹಾಕಿರ್ತಾರೆ. ರಿಂಗ್ ಯಾವ ಕಂಪನಿದು, ಬೇರಿಂಗ್ ಯಾವ ಕಂಪನಿದು ಅಂತ ನಾವೆಲ್ಲ ಕೇಳ್ತೀವಿ, ಯಾಕಂದ್ರೆ ಬಿಲ್ಲಲ್ಲಿ ಅದೇ ದೊಡ್ಡ ಮೊತ್ತ. ಎರಡು ಕಬ್ಬಿಣದ ಮುಖ ಸೇರೋ ಕಡೆ ಮೆಕ್ಯಾನಿಕ್ ಏನು ಹಚ್ಚಿದ ಅಂತ ಯಾರೂ ಕೇಳಲ್ಲ. ಅದು ಒಂದು ಟ್ಯೂಬಿನ ವಿಷಯ, ಒಂದು ಆಳಿನ ಕೂಲಿಯಷ್ಟೂ ಬೆಲೆ ಇಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಕಂಪನಿಯೋರು ಕಾಗದದ ಪ್ಯಾಕಿಂಗ್ ಕೊಟ್ಟಿರೋ ಜಾಗದಲ್ಲಿ ಅದೇ ದಪ್ಪದ ಕಾಗದದ ಪ್ಯಾಕಿಂಗ್ ಇರಬೇಕು. ಅದಕ್ಕೆ ಹಚ್ಚೋದಾದ್ರೆ ತೆಳ್ಳಗೆ ಶಲಾಕ್ ಸಾಕು. ಸಿಲಿಕೋನ್ ಟ್ಯೂಬು ಪ್ಯಾಕಿಂಗಿಗೆ ಬದಲಿ ಅಲ್ಲ. ಕಂಪನಿಯೋರೇ ಸಿಲಿಕೋನ್ ಹಾಕಿದ್ದ ಜಾಗಕ್ಕೆ ಮಾತ್ರ ಸಿಲಿಕೋನ್. ಇದನ್ನ ಹೇಳಿದ್ರೆ "ಅಣ್ಣ, ನೀವು ಹಳೇ ಕಾಲದವರು" ಅಂತ ನಗ್ತಾರೆ. ನಗಲಿ. ಯಾಕೆ ಹೀಗೆ ಹೇಳ್ತೀನಿ ಅಂತ ಓದಿ ಆಮೇಲೆ ನೀವೇ ತೀರ್ಮಾನ ಮಾಡಿ.

ಕಳೆದ ವರ್ಷ ನಮ್ಮ ಹಳ್ಳದ ಆಚೆ ಬದಿಯ ತೋಟದಲ್ಲಿ ಆದದ್ದು ಇದು. ಅವರದ್ದು ಎರಡು ಸಿಲಿಂಡರ್ ಡೀಸೆಲ್ ಇಂಜಿನ್. ಜನವರಿಯಲ್ಲಿ ಪೂರ್ತಿ ಬಿಚ್ಚಿಸಿ ಬೋರ್ ಮಾಡಿಸಿದ್ರು. ಖರ್ಚಿಗೆ ಏನೂ ಕಡಿಮೆ ಮಾಡಿರಲಿಲ್ಲ. ಫೆಬ್ರವರಿಯಲ್ಲಿ ನೀರು ಶುರು ಮಾಡಿದ ಮೂರನೇ ರಾತ್ರಿ ಆಯಿಲ್ ಪ್ರೆಷರ್ ಮುಳ್ಳು ಕೆಳಗೆ ಬಿತ್ತು. ಕೆರೆ ಹತ್ರ ಇದ್ದ ಹುಡುಗ ಜೆಟ್ ಬದಲಾಯಿಸೋಕೆ ಮೇಲೆ ಹೋಗಿದ್ದ. ಅವನು ಇಳಿದು ಬರೋದ್ರೊಳಗೆ ಇಂಜಿನ್ ಹಿಡ್ಕೊಂಡು ನಿಂತಿತ್ತು. ಬೆಳಿಗ್ಗೆ ನಾನೂ ಹೋಗಿದ್ದೆ. ಸಂಪ್ ಇಳಿಸಿದ್ರೆ ಸ್ಟ್ರೈನರ್ ಜಾಲರಿ ಪೂರಾ ಕೆಂಪು ಹುಳ ಮುತ್ತಿದ ಹಾಗೆ! ಎಲ್ಲ ಸಿಲಿಕೋನ್ ತುಂಡು. ಸಂಪಿಗೂ ಸೈಡ್ ಕವರಿಗೂ ಇದ್ದ ಪ್ಯಾಕಿಂಗ್ ತೆಗೆದು, ಅದರ ಜಾಗಕ್ಕೆ ಬೆರಳು ದಪ್ಪ ಸಿಲಿಕೋನ್ ಹಾಕಿ ಬೋಲ್ಟ್ ಬಿಗಿದಿದ್ರು. ಹೆಚ್ಚಾದದ್ದು ಅರ್ಧ ಹೊರಗೆ ಬಂತು, ಅರ್ಧ ಒಳಗೆ ಹೋಯ್ತು. ಹೊರಗೆ ಬಂದದ್ದನ್ನ ಉಗುರಲ್ಲಿ ಕಿತ್ತು ಚಂದ ಮಾಡಿದ್ರು. ಒಳಗೆ ಹೋದದ್ದನ್ನ ಯಾರು ಕೀಳ್ತಾರೆ?

ಒಳಗೆ ಉಬ್ಬಿ ನಿಂತ ಸಿಲಿಕೋನ್ ಸ್ವಲ್ಪ ದಿನ ಅಲ್ಲೇ ಅಂಟಿಕೊಂಡಿರುತ್ತೆ. ಬಿಸಿ ಆಯಿಲ್ ಹೊಡೆದೂ ಹೊಡೆದೂ ಬಿಟ್ಟುಕೊಳ್ಳುತ್ತೆ. ಆಯಿಲಲ್ಲಿ ಅದು ಕರಗಲ್ಲ. ಸಂಪಿಗೆ ಬಿದ್ದ ತುಂಡು ಪಂಪ್ ಎಳೆಯೋ ಕಡೆಗೇ ಹೋಗಿ ಜಾಲರಿಗೆ ಕೂರುತ್ತೆ. ಆಮೇಲೆ ಸಂಪಲ್ಲಿ ಎಷ್ಟು ಆಯಿಲ್ ಇದ್ದರೇನು, ಬೇರಿಂಗಿಗೆ ಹೋಗಲ್ಲ. ಡಿಪ್ ಸ್ಟಿಕ್ ನೋಡಿದ್ರೆ ಲೆವೆಲ್ ಸರಿಯಾಗೇ ಇರುತ್ತೆ, ಅದೇ ಮೋಸ.

ಕ್ರ್ಯಾಂಕ್ ರಿಪೇರಿ ಖರ್ಚಿಗಿಂತ ದೊಡ್ಡ ನಷ್ಟ ಯಾವುದು ಅಂತ ನಿಮಗೆ ಗೊತ್ತು. ರೋಬಸ್ಟಾಕ್ಕೆ ಒಂದು, ಒಂದೂವರೆ ಇಂಚು ನೀರು ಬಿದ್ದ ಏಳರಿಂದ ಹತ್ತು ದಿನದಲ್ಲಿ ಹೂ. ಅವರ ತೋಟದಲ್ಲಿ ಕೆರೆ ಕಡೆಯ ಅರ್ಧಕ್ಕೆ ನೀರು ಬಿದ್ದಿತ್ತು, ಮೇಲಿನ ಅರ್ಧಕ್ಕೆ ಇಲ್ಲ. ನಡುವೆ ಎರಡು ಸಾಲಿಗೆ ಅರೆಬರೆ ಬಿದ್ದಿತ್ತು, ಅಲ್ಲಿ ಮೊಗ್ಗು ಬಿರಿಯೋಕೂ ಆಗದೆ ಇರೋಕೂ ಆಗದೆ ಒಣಗಿದ್ದನ್ನ ನಾನೇ ನೋಡಿದ್ದೀನಿ. ಬಾಡಿಗೆ ಇಂಜಿನ್‌ಗೆ ಹುಡುಕಿದ್ರೆ ಆ ವಾರ ಎಲ್ಲರದ್ದೂ ಓಡ್ತಾ ಇರುತ್ತೆ, ಯಾರು ಕೊಡ್ತಾರೆ? ಸಿಕ್ಕಾಗ ಎರಡು ವಾರ ಕಳೆದಿತ್ತು. ಅರೇಬಿಕಾ ಹಾಗಲ್ಲ, ತನ್ನ ಹೂವಿನ ಪರಾಗಕ್ಕೇ ಕಾಯಿ ಕಟ್ಟುತ್ತೆ. ರೋಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕು, ಗಾಳಿ ಬೇಕು, ಜೇನು ಬೇಕು. ತೋಟ ಒಟ್ಟಿಗೆ ಅರಳಿದಷ್ಟು ಒಳ್ಳೇದು. ಒಂದು ಹೂವು ತಪ್ಪಿದ್ರೆ ಮತ್ತೆ ಮುಂದಿನ ವರ್ಷವೇ. ಗ್ಯಾರೇಜಿನೋರ ಹತ್ರ ಕೇಳಿದ್ದಕ್ಕೆ "ಎಲ್ಲರಿಗೂ ಹೀಗೇ ಮಾಡೋದು" ಅಂದ್ರಂತೆ. ಅದು ನಿಜವೇ, ನನ್ನ ತಕರಾರು ಇರೋದೂ ಅದಕ್ಕೇ.

ಹಾಗಂತ ಸಿಲಿಕೋನ್ ಕೆಟ್ಟ ವಸ್ತು ಅಂತ ನಾನು ಹೇಳ್ತಾ ಇಲ್ಲ. ಹೊಸ ಕಾರು, ಪಿಕಪ್‌ಗಳಲ್ಲಿ ಎಷ್ಟೋ ಸಂಪ್‌ಗಳಿಗೆ ಕಾಗದದ ಪ್ಯಾಕಿಂಗೇ ಇಲ್ಲ, ಫ್ಯಾಕ್ಟರಿಯಲ್ಲೇ ಸಿಲಿಕೋನ್ ಎಳೆದು ಕೂರಿಸ್ತಾರೆ. ಆದರೆ ಅಲ್ಲಿ ಮಿಷನ್ನು ಎರಡು-ಮೂರು ಮಿಲಿಮೀಟರ್ ದಪ್ಪದ ಒಂದೇ ಸಮ ದಾರ ಎಳೆಯುತ್ತೆ. ಮುಖ ಕನ್ನಡಿ ಹಾಗೆ ಇರುತ್ತೆ, ಒಂದು ತೊಟ್ಟು ಎಣ್ಣೆ ಇರಲ್ಲ. ನಮ್ಮಲ್ಲಿ ಸಂಪಿನ ಅಂಚಿಗೆ ಇನ್ನೂ ಆಯಿಲ್ ಇಳೀತಾ ಇರುವಾಗಲೇ ಬನಿಯನ್ ಬಟ್ಟೆಯಲ್ಲಿ ಒಂದು ಸಲ ಒರೆಸಿ, ಟ್ಯೂಬಿಗೆ ಟ್ಯೂಬೇ ಹಿಂಡ್ತಾರೆ. ಎಣ್ಣೆ ಮೇಲೆ ಅದು ಅಂಟೋದೇ ಇಲ್ಲ.

ಸಿಲಿಕೋನ್ ಗಟ್ಟಿಯಾಗೋ ರೀತಿಯೂ ಗೊತ್ತಿರಲಿ. ಅದು ಬಣ್ಣ ಒಣಗಿದ ಹಾಗೆ ಒಣಗಲ್ಲ. ಗಾಳಿಯಲ್ಲಿರೋ ತೇವ ಕುಡಿದು ಗಟ್ಟಿಯಾಗುತ್ತೆ. ಆಷಾಢದಲ್ಲಿ ಕಳಸದ ಕಡೆ ಬಟ್ಟೆ ಎಂಟು ದಿನ ಆದ್ರೂ ಒಣಗಲ್ಲ, ಅದೇ ಗಾಳಿಯಲ್ಲಿ ಇದು ಬೇಗ ಹೆಪ್ಪುಗಟ್ಟುತ್ತೆ! ಒಣ ಗಾಳಿಯ ಜನವರಿ, ಫೆಬ್ರವರಿಯಲ್ಲಿ ನಿಧಾನ. ಹೊರಗೆ ಚರ್ಮ ಕಟ್ಟೋದು ಹತ್ತು ನಿಮಿಷದಲ್ಲಿ, ಒಳಗಿನ ತನಕ ಗಟ್ಟಿಯಾಗೋಕೆ ಸುಮಾರು 24 ಗಂಟೆ ಬೇಕು. ಅಂದ್ರೆ ಹಚ್ಚಿದ ಮೇಲೆ ಚರ್ಮ ಕಟ್ಟೋದ್ರೊಳಗೆ ಕೂರಿಸಬೇಕು, ಕೂರಿಸಿದ ಮೇಲೆ ಒಂದು ದಿನ ಆಯಿಲ್ ತುಂಬಬಾರದು. ಹಚ್ಚಿಟ್ಟು ಟೀ ಕುಡಿಯೋಕೆ ಹೋಗಿ ಬಂದು ಕೂರಿಸೋದು, ಕೂರಿಸಿದ ಅರ್ಧ ಗಂಟೆಗೆ ಸ್ಟಾರ್ಟ್ ಮಾಡಿ ತೋರಿಸೋದು, ಎರಡೂ ನೋಡಿದ್ದೀನಿ. ಇದರಲ್ಲಿ ನಮ್ಮ ಪಾಲೂ ಇದೆ ಮಾರಾಯ್ರೆ. "ಇವತ್ತು ಸಂಜೆಯೊಳಗೆ ಕೊಡಿ" ಅಂತ ತಲೆ ಮೇಲೆ ನಿಲ್ಲೋರು ತೋಟದವರೇ.

ಟ್ಯೂಬಿನ ಬಣ್ಣ ನೋಡಿ ತಗೊಳ್ಳೋ ಅಭ್ಯಾಸ ಬಿಡಿ. ಕೆಂಪು ಅಂದ್ರೆ ಬಿಸಿಗೆ, ಕಪ್ಪು ಅಂದ್ರೆ ಆಯಿಲಿಗೆ, ಬೂದು ಅಂದ್ರೆ ಗಟ್ಟಿ ಅಂತ ಹೇಳ್ತಾರೆ, ಆದರೆ ಬಣ್ಣ ಆಯಾ ಕಂಪನಿಯ ಲೆಕ್ಕ, ಎಲ್ಲರಿಗೂ ಒಂದೇ ಕಾನೂನು ಇಲ್ಲ. ಅದರ ಬದಲು ಮೂಸಿ ನೋಡಿ. ವಿನೆಗರ್ ವಾಸನೆ ಹೊಡೆದ್ರೆ ಅದು ಗಟ್ಟಿಯಾಗುವಾಗ ಆಮ್ಲ ಬಿಡೋ ಜಾತಿ, ಕಬ್ಬಿಣ, ತಾಮ್ರ, ಅಲ್ಯೂಮಿನಿಯಂ ತಿನ್ನುತ್ತೆ. ಬಾತ್‌ರೂಮಿನ ಟೈಲ್ಸ್ ಸಂದಿಗೆ, ಗಾಜಿಗೆ ಹಾಕೋ ಸಿಲಿಕೋನ್ ಹೆಚ್ಚಾಗಿ ಈ ಜಾತಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತೆ ಅಂತ ಅದನ್ನ ತಂದು ಇಂಜಿನ್‌ಗೆ ಹಾಕೋರೂ ಇದ್ದಾರೆ! ಇಂಜಿನ್‌ಗೆ ಅಂತಲೇ ಮಾಡಿದ, ಟ್ಯೂಬ್ ಮೇಲೆ ನ್ಯೂಟ್ರಲ್ ಅಂತ ಬರೆದದ್ದನ್ನ ತಗೊಳ್ಳಿ. ನಮ್ಮ ಕಡೆ ಅಂಗಡಿಯಲ್ಲಿ ಸಾಮಾನ್ಯ ಕೊಡೋದು ಚೆನ್ನೈ ಕಂಪನಿಯ ಅನಬಾಂಡ್. ಎಷ್ಟೋ ಜನ ಯಾವ ಸಿಲಿಕೋನ್ ಆದ್ರೂ ಅನಬಾಂಡ್ ಅಂತಲೇ ಕೇಳ್ತಾರೆ.

ಇನ್ನು ದಪ್ಪದ ವಿಷಯ. ನನ್ನ ಪ್ರಕಾರ ಇದು ಆಯಿಲ್ ಸೋರೋದಕ್ಕಿಂತ ದೊಡ್ಡದು. ಪ್ಯಾಕಿಂಗ್ ಇರೋದು ಆಯಿಲ್ ತಡೆಯೋಕೆ ಮಾತ್ರ ಅಂತ ತಿಳ್ಕೊಂಡಿದ್ದೀವಿ. ಎಷ್ಟೋ ಕಡೆ ಅದು ಅಳತೆಯೂ ಹೌದು. ಪಲ್ಪರಿಗೆ, ಔಷಧಿ ಹೊಡೆಯೋ ಪಂಪಿಗೆ ನಾವು ಇಟ್ಟುಕೊಂಡಿರೋ ಕಿರ್ಲೋಸ್ಕರ್ ಎವಿ1 ತರಹದ ಒಂಟಿ ಸಿಲಿಂಡರ್ ಇಂಜಿನ್ ತಗೊಳ್ಳಿ, 5 ಎಚ್‌ಪಿ, 1500 ಆರ್‌ಪಿಎಂ. ಅದರ ಡೀಸೆಲ್ ಪಂಪ್ ಕೂರೋ ಜಾಗದಲ್ಲಿ ತೆಳು ತಗಡಿನ ಶಿಮ್‌ಗಳು ಇರ್ತವೆ. ಶಿಮ್ ಹೆಚ್ಚಾದ್ರೆ ಪಂಪ್ ಮೇಲೆ ಎದ್ದು ಡೀಸೆಲ್ ತಡವಾಗಿ ಹೊಡೆಯುತ್ತೆ, ಶಿಮ್ ತೆಗೆದ್ರೆ ಬೇಗ ಹೊಡೆಯುತ್ತೆ. ಇಂಜಿನ್ ಟೈಮಿಂಗ್ ಇಟ್ಟಿರೋದೇ ಅಲ್ಲಿ. ಇಂಜಿನಿಯರಿಂಗ್ ಕಾಲೇಜಿನ ಮಕ್ಕಳು ಕಿರ್ಲೋಸ್ಕರ್ ಒಂಟಿ ಸಿಲಿಂಡರ್ ಇಂಜಿನ್ ಇಟ್ಟುಕೊಂಡು, ಒಂದೊಂದು ಶಿಮ್ ಹಾಕಿ ತೆಗೆದು ಹೊಗೆ ಎಷ್ಟು, ಡೀಸೆಲ್ ಎಷ್ಟು ಅಂತ ಪ್ರಯೋಗ ಮಾಡ್ತಾರೆ. ನಮ್ಮಲ್ಲಿ ಅಲ್ಲಿ ಡೀಸೆಲ್ ಜಿನುಗ್ತಾ ಇದೆ ಅಂತ ಶಿಮ್ ಮೇಲೂ ಕೆಳಗೂ ದಪ್ಪ ಸಿಲಿಕೋನ್ ಹಾಕಿ ಬಿಗಿದು ಕಳಿಸ್ತಾರೆ. ಆಮೇಲೆ ಕಪ್ಪು ಹೊಗೆ, ಎಳೆಯಲ್ಲ, ಬಿಸಿಯಾಗುತ್ತೆ ಅಂತ ನಾಝಲ್ ಬದಲಾಯಿಸ್ತಾರೆ.

ರಾಜಕೋಟೆ ಕಡೆಯ ನಿಧಾನದ ಇಂಜಿನ್‌ಗಳಲ್ಲೂ ಹೀಗೇ. ಸಿಲಿಂಡರ್ ಬ್ಲಾಕಿನ ಬುಡದ ಪ್ಯಾಕಿಂಗಿನ ದಪ್ಪ ಪಿಸ್ಟನ್ನಿಗೂ ಹೆಡ್ಡಿಗೂ ನಡುವಿನ ಜಾಗ ತೀರ್ಮಾನ ಮಾಡುತ್ತೆ. ಹಳೇ ಮೆಕ್ಯಾನಿಕ್‌ಗಳು ಪಿಸ್ಟನ್ ತಲೆ ಮೇಲೆ ಸೀಸದ ತಂತಿ ಇಟ್ಟು, ಹೆಡ್ ಬಿಗಿದು, ಒಂದು ಸುತ್ತು ಕೈಯಲ್ಲಿ ತಿರುಗಿಸಿ, ಚಪ್ಪಟೆಯಾದ ತಂತಿಯನ್ನ ಅಳೆದು ನೋಡ್ತಿದ್ರು. ಅಲ್ಲಿ ಪ್ಯಾಕಿಂಗ್ ತೆಗೆದು ಬರೀ ಸಿಲಿಕೋನ್ ಹಾಕಿದ್ರೆ, ಬೋಲ್ಟ್ ಬಿಗಿದಾಗ ಅದು ಹಿಂಡಿ ಹೋಗಿ ಜಾಗವೇ ಕಡಿಮೆ ಆಗುತ್ತೆ. ಟಿಲ್ಲರಿನ ಗೇರ್ ಬಾಕ್ಸ್ ಕವರ್ ಕೂಡ ಹಾಗೇ, ಪ್ಯಾಕಿಂಗ್ ಹೋದ್ರೆ ಕವರ್ ಬೇರಿಂಗಿನ ಮೇಲೆ ಒತ್ತಿ ಕೂರುತ್ತೆ.

ಮದುವೆ ಕಾಗದ ಕತ್ತರಿಸಿ ಪ್ಯಾಕಿಂಗ್ ಮಾಡೋದು ನಮ್ಮೂರಲ್ಲಿ ಇನ್ನೂ ಇದೆ. ನಗೋ ವಿಷಯ ಅಲ್ಲ, ಒಳ್ಳೇ ಕಾರ್ಡು ಟ್ಯಾಪೆಟ್ ಕವರಿಗೆ ಒಂದು ವರ್ಷ ಬಂದದ್ದಿದೆ. ಆದರೆ ಶ್ರೀಮಂತರ ಮನೆ ಕಾಗದ ದಪ್ಪ, ಬಡವರ ಮನೆಯದ್ದು ತೆಳು. ಅಳತೆ ಬೇಕಾದ ಕಡೆ ಅದನ್ನ ಹಾಕೋಕೆ ಆಗಲ್ಲ.

ಈಗ ಶಲಾಕ್. ಹೊಸ ಹುಡುಗರಿಗೆ ಇದು ಅಸಡ್ಡೆ. ಸಣ್ಣ ಬಾಟಲಿಯಲ್ಲಿ ಬರೋ ಕಂದು ಬಣ್ಣದ ಅಂಟು. ಇದು ಬೇರೇನಲ್ಲ, ನಮ್ಮ ಅರಗೇ. ಅರಗಿನ ಹುಳ ಮರದ ಮೇಲೆ ಕಟ್ಟಿದ್ದನ್ನ ಶುದ್ಧ ಮಾಡಿ ಸ್ಪಿರಿಟ್ಟಲ್ಲಿ ಕರಗಿಸಿದ್ದು. ಹೆಚ್ಚು ಬೆಳೆಯೋದು ಜಾರ್ಖಂಡ್ ಕಡೆ. ಆಚಾರಿಗಳು ಕತ್ತಿಗೆ ಹಿಡಿ ಕೂರಿಸೋಕೆ ಹಾಕ್ತಿದ್ದದ್ದೂ, ದುರ್ಯೋಧನ ಪಾಂಡವರಿಗೆ ಮನೆ ಕಟ್ಟಿಸಿದ್ದೂ ಇದೇ ಅರಗಲ್ಲಿ. ಆಯಿಲ್, ಡೀಸೆಲ್, ಸೀಮೆಎಣ್ಣೆಗೆ ಇದು ಜಗ್ಗಲ್ಲ. ತೆಳ್ಳಗೆ ಹಚ್ಚೋದ್ರಿಂದ ಪ್ಯಾಕಿಂಗಿನ ಅಳತೆ ಕೆಡಲ್ಲ, ಒಳಗೆ ಹುಳ ಬೀಳಲ್ಲ. ಹಚ್ಚಿ ಒಂದೆರಡು ನಿಮಿಷ ಬಿಟ್ಟು ಸ್ವಲ್ಪ ಅಂಟು ಬಂದಾಗ ಕೂರಿಸಿದ್ರೆ ಕಾಗದ ಜಾರದೆ ಸರಿಯಾಗಿ ನಿಲ್ಲುತ್ತೆ. ದೋಷ ಅಂದ್ರೆ ಮುಂದಿನ ಸಲ ಬಿಚ್ಚುವಾಗ ಕಾಗದ ಕಲ್ಲಿನ ಹಾಗೆ ಹಿಡ್ಕೊಂಡಿರುತ್ತೆ, ಕೆರೆದು ಕೆರೆದು ಕೈ ಸೋಲುತ್ತೆ. ಮೆಕ್ಯಾನಿಕ್‌ಗಳಿಗೆ ಇದು ಬೇಡ ಅನ್ನಿಸೋಕೆ ಅದೇ ಕಾರಣ, ನ್ಯಾಯವಾದ ಕಾರಣವೇ. ಸ್ಪಿರಿಟ್ ಹಾಕಿ ಸ್ವಲ್ಪ ನೆನೆಸಿದ್ರೆ ಬಿಡುತ್ತೆ.

ಆದರೆ ಸ್ಪಿರಿಟ್ಟಲ್ಲಿ ಕರಗೋ ಗುಣದಿಂದಲೇ ಒಂದು ಹೊಸ ತೊಂದರೆ ಇದೆ. ಈಗ ಬಂಕಲ್ಲಿ ಹಾಕಿಸೋ ಪೆಟ್ರೋಲ್ ಇ20, ನೂರರಲ್ಲಿ 20 ಪಾಲು ಎಥೆನಾಲ್. ಎಥೆನಾಲ್ ಅಂದ್ರೆ ಅದೇ ಆಲ್ಕೋಹಾಲು. ಪೆಟ್ರೋಲ್ ಪಂಪ್‌ಸೆಟ್ಟು, ಕಳೆ ಹೊಡೆಯೋ ಮಿಷನ್ನು, ಮರ ಕೊಯ್ಯೋ ಮಿಷನ್ನು ಇವುಗಳ ಕಾರ್ಬುರೇಟರ್ ಕಡೆ ಶಲಾಕ್ ಹಚ್ಚಬೇಡಿ, ನಿಧಾನಕ್ಕೆ ಕರಗಿ ಜೆಟ್ಟಿಗೆ ಹೋಗುತ್ತೆ. ಹಿಂದೆ ನಡೀತಿತ್ತು, ಆಗಿನ ಪೆಟ್ರೋಲೇ ಬೇರೆ. ಸಿಲಿಕೋನೂ ಅಲ್ಲಿ ಬೇಡ, ಪೆಟ್ರೋಲಲ್ಲಿ ಅದು ನೆನೆದ ಕಡಲೆ ಹಾಗೆ ಊದುತ್ತೆ. ಅಲ್ಲಿ ಹೊಸ ಪ್ಯಾಕಿಂಗನ್ನ ಏನೂ ಹಚ್ಚದೆ ಒಣಗೇ ಕೂರಿಸೋದು ಸರಿ.

ಮರ ಕೊಯ್ಯೋ ಮಿಷನ್ನಿನ ಕ್ರ್ಯಾಂಕ್ ಕೇಸ್ ವಿಷಯದಲ್ಲಿ ಇನ್ನೂ ಹುಷಾರು. ಟೂ ಸ್ಟ್ರೋಕ್ ಇಂಜಿನ್ ಪೆಟ್ರೋಲ್, ಗಾಳಿ ಎಳೆಯೋದು ಕ್ರ್ಯಾಂಕ್ ಕೇಸ್ ಮೂಲಕವೇ. ಅಲ್ಲಿ ಕೂದಲೆಳೆ ಸಂದಿ ಇದ್ರೂ ಹೊರಗಿನ ಗಾಳಿ ನುಗ್ಗಿ ಪೆಟ್ರೋಲ್ ಪಾಲು ಕಡಿಮೆ ಆಗಿ, ಅದರ ಜೊತೆ ಬರೋ ಆಯಿಲೂ ಕಡಿಮೆ ಆಗಿ ಪಿಸ್ಟನ್ ಹಿಡಿಯುತ್ತೆ. ಕೆಲವು ಸಣ್ಣ ಇಂಜಿನ್‌ಗಳಿಗೆ ಕಂಪನಿಯೇ ಪ್ಯಾಕಿಂಗ್ ಇಲ್ಲದೆ ಬರೀ ದ್ರವದ ಸೀಲಂಟ್ ಹಾಕಿರುತ್ತೆ. ಅಂಥ ಕಡೆ ಕಂಪನಿ ಹೇಳಿದ್ದೇ ಬೇಕು. ಗಾಳಿ ಇಲ್ಲದ ಕಡೆ ಗಟ್ಟಿಯಾಗೋ ಇನ್ನೊಂದು ಜಾತಿ ಇದೆ, ಲಾಕ್‌ಟೈಟ್ ಹೆಸರಲ್ಲಿ ಬರುತ್ತಲ್ಲ, ಅದು. ಅಮೆರಿಕದ ವರ್ನನ್ ಕ್ರೀಬಲ್ ಅನ್ನೋ ರಸಾಯನಶಾಸ್ತ್ರದ ಪ್ರೊಫೆಸರ್ 1953ರಲ್ಲಿ ಕಂಡುಹಿಡಿದದ್ದು. ಬಾಟಲಿಯಲ್ಲಿ ಗಾಳಿ ಇರೋ ತನಕ ನೀರಾಗೇ ಇರುತ್ತೆ, ಎರಡು ಲೋಹದ ನಡುವೆ ಗಾಳಿ ಇಲ್ಲದೆ ಸಿಕ್ಕಿಹಾಕಿಕೊಂಡಾಗ ಗಟ್ಟಿಯಾಗುತ್ತೆ. ಇದರ ದೊಡ್ಡ ಗುಣ ಅಂದ್ರೆ, ಒಳಗೆ ಉಕ್ಕಿದ್ದು ಗಟ್ಟಿಯಾಗದೆ ಆಯಿಲಲ್ಲಿ ಸೇರಿ ಹೋಗುತ್ತೆ, ಜಾಲರಿ ಕಟ್ಟಲ್ಲ. ಆದರೆ ಮುಖ ಎರಡೂ ಸಮ ಇರಬೇಕು, ಸಂದಿ ಕಾಲು ಮಿಲಿಮೀಟರಿಗಿಂತ ಹೆಚ್ಚಿರಬಾರದು. ತಗಡಿನ ಸಂಪಿಗೆ ಆಗಲ್ಲ. ಬೆಲೆಯೂ ಜಾಸ್ತಿ.

ಹೆಡ್ ಪ್ಯಾಕಿಂಗಿಗೆ ಏನನ್ನೂ ಹಚ್ಚಿಸಬೇಡಿ. ಉರಿಯೋ ಡೀಸೆಲಿನ ಒತ್ತಡ 60 ಬಾರ್ ದಾಟೋ ಜಾಗ ಅದು. ಸಿಲಿಕೋನ್ ತಡೆಯೋದು ಸುಮಾರು 250 ಡಿಗ್ರಿ ಬಿಸಿ. ಹೆಡ್ ಸೊಟ್ಟ ಆಗಿದ್ರೆ ಮುಖ ಹೊಡೆಸಬೇಕು, ಬೇರೆ ದಾರಿ ಇಲ್ಲ. ಎಂ-ಸೀಲ್ ಹೊರಗಿನಿಂದ ಟ್ಯಾಂಕ್ ತೂತು ಮುಚ್ಚೋಕೆ ಸರಿ, ಎರಡು ಮುಖದ ನಡುವೆ ಅಲ್ಲ. ನೀರಿನ ಎಲ್ಬೋ, ವಾಟರ್ ಪಂಪ್ ಕಡೆ ಬೇಕಾದ್ರೆ ಸಿಲಿಕೋನ್ ತೆಳ್ಳಗೆ ಹಾಕಲಿ, ನನ್ನ ಅಭ್ಯಂತರ ಇಲ್ಲ.

ಸೋರೋದಕ್ಕೆಲ್ಲ ಪ್ಯಾಕಿಂಗೇ ಕಾರಣ ಅಂತ ತಿಳಿಯೋದೂ ತಪ್ಪು. ಎಷ್ಟು ಹಚ್ಚಿದ್ರೂ ಆಯಿಲ್ ನಿಲ್ತಾ ಇಲ್ಲ ಅಂದ್ರೆ ಮೊದಲು ಬ್ರೀದರ್ ನೋಡಿ. ಕಣಜದ ಹುಳ ಮಣ್ಣಿಟ್ಟು ಮುಚ್ಚಿರುತ್ತೆ, ಇಲ್ಲ ಜಿಡ್ಡು ಕಟ್ಟಿರುತ್ತೆ. ಒಳಗಿನ ಗಾಳಿಗೆ ಹೋಗೋಕೆ ದಾರಿ ಇಲ್ಲದೆ ಸಿಕ್ಕ ಸಂದಿಯಲ್ಲಿ ಆಯಿಲನ್ನ ದೂಡುತ್ತೆ. ಆಮೇಲೆ ಸಂಪಿನ ತಗಡು. ಬೋಲ್ಟ್ ಮೇಲೆ ಬೋಲ್ಟ್ ಬಿಗಿದು ತೂತಿನ ಸುತ್ತ ಗುಳಿ ಬಿದ್ದಿರುತ್ತೆ, ಬೋಲ್ಟ್ ಹತ್ರ ಒತ್ತುತ್ತೆ, ನಡುವೆ ಬಾಯಿ ಬಿಡುತ್ತೆ. ಕಬ್ಬಿಣದ ದಿಮ್ಮಿ ಮೇಲಿಟ್ಟು ಸಣ್ಣ ಸುತ್ತಿಗೆಯಲ್ಲಿ ತಟ್ಟಿ ಸಮ ಮಾಡಿದ್ರೆ ಅರ್ಧ ಗಂಟೆಯ ಕೆಲಸ. ಈ ಅರ್ಧ ಗಂಟೆ ಉಳಿಸೋಕೇ ಟ್ಯೂಬ್ ಹಿಂಡೋದು.

ಮೆಕ್ಯಾನಿಕ್‌ಗಳ ಕಡೆಯಿಂದಲೂ ಒಂದು ಮಾತು ಇದೆ, ಅದನ್ನ ತಳ್ಳಿಹಾಕೋಕೆ ಆಗಲ್ಲ. ಹಳೇ ಇಂಜಿನ್‌ಗಳ ಪ್ಯಾಕಿಂಗ್ ಸೆಟ್ ಬೇಕು ಅಂದಾಗ ಸಿಗಲ್ಲ. ಸಿಕ್ಕಿದ್ರಲ್ಲಿ ಅರ್ಧ ನಕಲಿ, ಬೋಲ್ಟ್ ತೂತೇ ಸೇರಲ್ಲ. ಇಪ್ಪತ್ತು ವರ್ಷ ಓಡಿದ ಇಂಜಿನ್ನಿನ ಮುಖ ಗುಂಡಿ ಬಿದ್ದಿರುತ್ತೆ. ಅಂಥ ಕಡೆ ಅವರು ಏನು ಮಾಡ್ಬೇಕು? ನನ್ನ ಉತ್ತರ, ಇಂಜಿನ್ ಇಳಿಸೋ ಮೊದಲು, ಡಿಸೆಂಬರಲ್ಲೇ ಪ್ಯಾಕಿಂಗ್ ಸೆಟ್ ನಾವೇ ತಂದು ಕೊಡಬೇಕು. ಫೆಬ್ರವರಿಯಲ್ಲಿ ಎಲ್ಲರಿಗೂ ಒಟ್ಟಿಗೆ ಬೇಕು, ಅಂಗಡಿಯೋರು ತಾನೇ ಎಲ್ಲಿಂದ ಕೊಡ್ತಾರೆ? ಸಿಗದಿದ್ರೆ ಪ್ಯಾಕಿಂಗ್ ಶೀಟ್ ತಂದು, ಕವರ್ ಮೇಲಿಟ್ಟು ಗುಂಡು ಸುತ್ತಿಗೆಯಲ್ಲಿ ಅಂಚಿಗೆ ತಟ್ಟಿ ಕತ್ತರಿಸಬಹುದು. ಒಂದು ಎಚ್ಚರ, ಬ್ಲಾಕಿನ ಮೇಲಿಟ್ಟು ತಟ್ಟಬೇಡಿ, ತುಂಡು ಒಳಗೆ ಬೀಳುತ್ತೆ. ಗುಂಡಿ ಬಿದ್ದ ಮುಖಕ್ಕೆ ಪ್ಯಾಕಿಂಗಿನ ಜೊತೆಗೆ ಒಂದು ತೆಳು ಪೊರೆ ಸಿಲಿಕೋನ್ ಹಾಕೋದಾದ್ರೆ ಹಾಕಲಿ, ಬೆರಳಲ್ಲಿ ಸವರಿದಷ್ಟು. ಪ್ಯಾಕಿಂಗ್ ತೆಗೆದು ಅದರ ಜಾಗಕ್ಕೆ ಅಲ್ಲ.

ಇಂಜಿನ್ ಕೂರಿಸುವಾಗ ಒಂದು ಅರ್ಧ ದಿನ ಗ್ಯಾರೇಜಲ್ಲಿ ನಿಲ್ಲಿ. ಸಂಪ್ ಮುಚ್ಚೋ ಮೊದಲು ಕರೆಯೋಕೆ ಹೇಳಿ. ಹಳೇ ಪ್ಯಾಕಿಂಗ್ ಎಸೆಯೋಕೆ ಬಿಡಬೇಡಿ, ದಪ್ಪ ಅಳೆಯೋಕೆ ಅದೇ ಆಧಾರ. ಈಗಾಗಲೇ ಸಿಲಿಕೋನ್ ಹಾಕಿಸಿಕೊಂಡು ಬಂದಿರೋರು ನೀರು ಶುರು ಮಾಡೋ ಮೊದಲು ಇಂಜಿನ್ ಹತ್ತು-ಹನ್ನೆರಡು ಗಂಟೆ ಓಡಿಸಿ, ಸಂಪ್ ಇಳಿಸಿ ಜಾಲರಿ ನೋಡಿಬಿಡಿ. ಒಂದು ಆಯಿಲ್ ಚೇಂಜಿನ ಖರ್ಚು, ಅಷ್ಟೇ.

ನನ್ನ ಹತ್ರ ಪ್ಯಾಕಿಂಗ್ ಶೀಟ್ ಸ್ವಲ್ಪ ಉಳಿದಿದೆ, ಕಾಲು ಮಿಲಿಮೀಟರಿಂದೂ ಅರ್ಧ ಮಿಲಿಮೀಟರಿಂದೂ. ಹತ್ತಿರದವರು ಯಾರಿಗಾದ್ರೂ ಬೇಕಾದ್ರೆ ಹಳೇ ಪ್ಯಾಕಿಂಗ್ ಮತ್ತು ಕವರ್ ಎರಡನ್ನೂ ತಗೊಂಡು ಬನ್ನಿ, ಕೂತು ಕತ್ತರಿಸೋಣ. ಸಂಜೆ ಐದರ ಮೇಲೆ ಬನ್ನಿ, ಅಲ್ಲಿ ತನಕ ಕಣದಲ್ಲಿ ಕಾಫಿ ಇರುತ್ತೆ.